ಕಂಬಳಿಯ ಇನ್ನೊಂದು ತುದಿ

ನಮ್ಮೂರಲ್ಲಿ ಜ್ವರ ಬಂದವರ ಮನೆಗೆ ಬರಿಗೈಯಲ್ಲಿ ಹೋದರೂ ನಡೆಯುತ್ತಿತ್ತು, ಕಂಬಳಿ ಹಿಡಿಯದೆ ಎದ್ದು ಬರುವಂತಿರಲಿಲ್ಲ. ಹೋದವರು ಕಾಯಿಲೆಯವರ ಪಕ್ಕದಲ್ಲಿ ಕೂರಬೇಕು. ಅವರು ಕಂಬಳಿಯ ಒಂದು ತುದಿ ಹಿಡಿದಿರುತ್ತಾರೆ, ಇವರು ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಮನೆಯ ಹಿರಿಯರು ಯಾರಾದರೂ 'ಬಿಡಿ' ಎಂದಾಗ ಇಬ್ಬರೂ ಒಟ್ಟಿಗೆ ಬಿಡಬೇಕು. ಅಷ್ಟು ಹೊತ್ತಿಗೆ ಜ್ವರ ಇಬ್ಬರಿಗೂ ಸಮಪಾಲಾಗಿರುತ್ತಿತ್ತು. ಮತ್ತೊಬ್ಬರು ಬಂದು ಹಿಡಿದರೆ ಮತ್ತಷ್ಟು ಇಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಬೀದಿಯ ಹತ್ತು ಜನಕ್ಕೆ ಹಣೆ ಸ್ವಲ್ಪ ಬೆಚ್ಚಗೆ, ಬಾಯಿ ಸ್ವಲ್ಪ ಕಹಿ, ಅಷ್ಟೇ. ಯಾರೂ ಹಾಸಿಗೆ ಹಿಡಿಯುತ್ತಿರಲಿಲ್ಲ.

ನಾನು ಈ ಊರಿನ ಆರೋಗ್ಯ ಕೇಂದ್ರಕ್ಕೆ ನರ್ಸಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಹೆಸರು ವಿಮಲಾಕ್ಷಿ, ಆದರೆ ಊರಿಗೆಲ್ಲ ಸಿಸ್ಟರಮ್ಮ. ಬಂದ ಹೊಸದರಲ್ಲಿ ಇದನ್ನು ಕಂಡು ನಕ್ಕಿದ್ದೆ. ಆಮೇಲೆ ಥರ್ಮಾಮೀಟರ್ ಇಟ್ಟು ನೋಡಿದೆ, ನಗು ನಿಂತಿತು. ಕುರಿ ದೊಡ್ಡಿಗಾಗಿ ಹೊಡೆದಾಡಿ ಹದಿನೈದು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮ ಕೂಡ ಜ್ವರ ಎಂದರೆ ಒಬ್ಬರ ಮುಖ ಒಬ್ಬರು ನೋಡದೆ ಕಂಬಳಿಯ ಎರಡು ತುದಿ ಹಿಡಿದು ಕೂರುತ್ತಿದ್ದರು. ಕಟ್ಟುಪಾಡು ಎರಡೇ. ಹಿಡಿಯುವವರಿಗೆ ಮನಸ್ಸಿರಬೇಕು, ಮನಸ್ಸಿಲ್ಲದೆ ಹಿಡಿದರೆ ಜ್ವರ ಬರುವುದಿಲ್ಲ. ಮತ್ತೆ, ಯಾರೂ ಮೊದಲು ಬಿಡಬಾರದು. ಮೊದಲು ಬಿಟ್ಟವರ ಜ್ವರವೆಲ್ಲ ಹಿಡಿದೇ ಇದ್ದವರ ಪಾಲಾಗುತ್ತಿತ್ತು. 'ತುದಿ ಬಿಟ್ಟವಳು' ಎನ್ನುವುದಕ್ಕಿಂತ ಕೆಟ್ಟ ಬೈಗುಳ ಈ ಊರಿನಲ್ಲಿ ಇರಲಿಲ್ಲ. ಆ ಒಂದು ಮಾತಿಗೆ ನಿಶ್ಚಯವಾದ ಮದುವೆ ಮುರಿದದ್ದನ್ನು ನಾನೇ ನೋಡಿದ್ದೇನೆ.

ಊರಿನ ಕಸುಬೂ ಕಂಬಳಿಯೇ. ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ, ಹೆಂಗಸರು ಉಣ್ಣೆ ನೂಲುತ್ತಾರೆ. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕುವ ಕೆಲಸ ಹುಡುಗಿಯರದು. ಊರಾಚೆ ಅದಕ್ಕೆಂದೇ ಒಂದು ಕಲ್ಲಿನ ಕಟ್ಟೆ ಇದೆ, ಗಂಜಿಕಟ್ಟೆ ಅನ್ನುತ್ತಾರೆ. ನೀರು ತುಂಬುವ ಕೆಲಸವೂ ಹುಡುಗಿಯರದೇ. ನಲ್ಲಿಯಲ್ಲಿ ನೀರು ಬಿಡುವುದು ಮೂರು ದಿನಕ್ಕೊಮ್ಮೆ, ಅದೂ ಎರಡು ಗಂಟೆ ಹೊತ್ತು. ಈ ನೀರಿನ ವಿಷಯವನ್ನು ನೆನಪಿಟ್ಟುಕೊಳ್ಳಿ. ನಾನು ಇಪ್ಪತ್ತೆರಡು ವರ್ಷ ಅದೇ ನಲ್ಲಿಯ ನೀರು ಕುಡಿದೂ ನೆನಪಿಟ್ಟುಕೊಳ್ಳಲಿಲ್ಲ.

ಆ ವರ್ಷ ಬಂದ ಜ್ವರಕ್ಕೆ ಕೆಂಡಜ್ವರ ಎಂದು ಜನರೇ ಹೆಸರಿಟ್ಟರು. ಒಂದು ವಾರದಲ್ಲಿ ಬಸ್ಸು ನಿಂತಿತು, ಶಾಲೆಗೆ ಬೀಗ ಬಿತ್ತು, ಕಂಬಳಿ ಕೊಳ್ಳುವ ಸಾಹುಕಾರರು ಊರ ಕಡೆ ತಲೆ ಹಾಕುವುದನ್ನು ಬಿಟ್ಟರು. ಒಂದು ಮನೆಯಲ್ಲಿ ಒಬ್ಬರಿಗೆ ಬಂದರೆ ಹಂಚಿಕೊಳ್ಳಬಹುದು. ಮನೆ ಮನೆಯಲ್ಲಿ ನಾಲ್ಕು ನಾಲ್ಕು ಜನ ಮಲಗಿದರೆ ಯಾರ ಕಂಬಳಿ ಯಾರು ಹಿಡಿಯುವುದು? ಮೊದಲ ವಾರದಲ್ಲೇ ಮೂವರು ಮುದುಕರು ಹೋದರು. ನನ್ನ ಹತ್ತಿರ ಇದ್ದ ಮೂರು ಥರ್ಮಾಮೀಟರ್‌ಗಳಲ್ಲಿ ಎರಡು ಒಡೆದವು. ಉಳಿದ ಒಂದನ್ನು ಮಲಗಿದವರ ಬಾಯಿಗಿಟ್ಟು ಇಟ್ಟು ನಾನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಓಡಾಡುತ್ತಿದ್ದೆ.

ಆಗ ಬೀರಯ್ಯನ ಮನೆಯಲ್ಲಿ ಒಂದು ಅಚಾತುರ್ಯ ನಡೆಯಿತು. ಬೀರಯ್ಯ ಒಳ್ಳೆಯ ನೇಕಾರ, ಬಾಯಿಲ್ಲದ ಮನುಷ್ಯ. ಅವನಿಗೆ ನೂರಾನಾಲ್ಕು ಡಿಗ್ರಿ ಏರಿತ್ತು. ಹದಿನಾಲ್ಕು ವರ್ಷದ ಮಗಳು ಚಿಕ್ಕತಾಯಿ ಬೆಳಿಗ್ಗೆ ನೀರು ತುಂಬಿಟ್ಟು ಬಂದು ಅಪ್ಪನ ಕಂಬಳಿ ಹಿಡಿದು ಕೂತಳು. 'ಬಿಡಿ' ಅನ್ನಬೇಕಾದ ತಾಯಿ ಮಾಳವ್ವ ಒಲೆಯ ಮುಂದೆ ಇದ್ದಳು. ಅಷ್ಟರಲ್ಲಿ ಬೀರಯ್ಯನಿಗೆ ಜೋಂಪು ಹತ್ತಿ ಕೈ ಜಾರಿತು. ಜ್ವರವಷ್ಟೂ ಹುಡುಗಿಗೆ ಹೋಯಿತು. ಬೀರಯ್ಯನಿಗೆ ಎಚ್ಚರವಾದಾಗ ಮೈ ತಣ್ಣಗಿತ್ತು, ಮಗಳು ನೆಲದ ಮೇಲೆ ಬಿದ್ದುಕೊಂಡಿದ್ದಳು. ಅವನು ತಲೆ ತಲೆ ಚಚ್ಚಿಕೊಂಡದ್ದನ್ನು ಬೀದಿಯವರೆಲ್ಲ ನೋಡಿದರು. ಆದರೆ ಮೂರನೇ ದಿನ ಬೆಳಿಗ್ಗೆ ನಾನು ನಲ್ಲಿಯ ಮುಂದೆ ಹಾಯುವಾಗ ನೋಡುತ್ತೇನೆ, ಚಿಕ್ಕತಾಯಿ ಸೊಂಟದಲ್ಲಿ ಕೊಡ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾಳೆ. "ಎದ್ಬಿಟ್ಯೇನೇ?" ಅಂದೆ. "ಎದ್ದೆ ಸಿಸ್ಟರಮ್ಮ," ಅಂದಳು. ನಾನು ಅವಳ ಹಣೆ ಮುಟ್ಟಿ ನೋಡಲಿಲ್ಲ. ತುಂಬಿದ ಕೊಡ ಹೊತ್ತವಳ ಹಣೆ ಮುಟ್ಟಿ ನೋಡುವುದೇನು ಬಂತು, ಜ್ವರ ಇದ್ದವಳು ಕೊಡ ಹೊರುತ್ತಾಳೆಯೇ ಎಂದುಕೊಂಡೆ. ಆ ವಾರ ಇನ್ನೂ ಇಬ್ಬರು ಹುಡುಗಿಯರು ಹೀಗೇ ತಾಯಂದಿರ ಜ್ವರ ತೆಗೆದುಕೊಂಡು ಮೂರನೇ ದಿನಕ್ಕೆ ಸರಿಯಾಗಿ ಎದ್ದು ನಿಂತರು. ನನಗೆ ದೊಡ್ಡದೇನೋ ಹೊಳೆದ ಹಾಗಾಯಿತು.

ಊರ ಯಜಮಾನ ಹಾಲಪ್ಪನವರ ಜಗುಲಿಯ ಮೇಲೆ ಸೇರಿದ್ದವರಿಗೆ ನಾನೇ ಹೇಳಿದೆ. "ದೊಡ್ಡವರು ಹದಿನೈದು ದಿನ ಮಲಗೋ ಜ್ವರ ಈ ಹೆಣ್ಣುಮಕ್ಕಳಿಗೆ ಮೂರು ದಿನದ್ದು. ಅವರ ಮೈ ಗಟ್ಟಿ. ನಾನು ಕಣ್ಣಾರೆ ನೋಡಿದ್ದೀನಿ." ಹಾಲಪ್ಪನವರು ಎಲೆಯಡಿಕೆ ಉಗಿದು ಬಂದು ಕೂತರು. "ಅಂದ್ರೆ ಸಿಸ್ಟರಮ್ಮ, ದೊಡ್ಡೋರು ತುದಿ ಬಿಡಬೋದು ಅಂತೀರಾ?" ಅವರ ದನಿಯಲ್ಲಿ ಅಂಜಿಕೆ ಇತ್ತು, ಅಷ್ಟು ಹಳೆಯ ಕಟ್ಟುಪಾಡು ಅದು. "ಈ ಕಾಲ ಬೇರೆ ಯಜಮಾನ್ರೇ," ಅಂದೆ. "ಮಗ್ಗ ನಿಲ್ಲಬಾರದು, ಒಲೆ ಆರಬಾರದು. ಹುಡುಗೀರು ಮೂರು ದಿನ ಮಲಗಿ ಏಳ್ತಾರೆ. ಇದರಲ್ಲಿ ತಪ್ಪೇನಿದೆ?" ಯಾರೂ ತಪ್ಪು ಎನ್ನಲಿಲ್ಲ. ಎಲ್ಲರಿಗೂ ಬೇಕಾಗಿದ್ದ ಮಾತನ್ನು ಬಿಳಿ ಸೀರೆ ಉಟ್ಟವಳೊಬ್ಬಳು ಹೇಳಿದ್ದಳು.

ಉಳಿದ ತೊಡಕು ಒಂದೇ, ಹುಡುಗಿಯರಿಗೆ ಮನಸ್ಸಿರಬೇಕಿತ್ತು. ಅದನ್ನೂ ನಾನೇ ಪರಿಹರಿಸಿದೆ. ಬೀಗ ಹಾಕಿದ ಶಾಲೆಯ ವರಾಂಡದಲ್ಲಿ ಹನ್ನೊಂದು ಜನ ಹುಡುಗಿಯರನ್ನು ಕೂರಿಸಿಕೊಂಡು ಭಾಷಣ ಮಾಡಿದೆ. ನಾನು ಚೆನ್ನಾಗಿ ಮಾತಾಡುತ್ತೇನೆ, ಅದು ನನ್ನ ದೊಡ್ಡ ದೋಷ. ನೀವು ಊರಿನ ಬೆನ್ನೆಲುಬು ಅಂದೆ. ಗಂಡಸರಿಗಿಲ್ಲದ ತ್ರಾಣ ನಿಮ್ಮಲ್ಲಿದೆ ಅಂದೆ. ನಿಮ್ಮನ್ನು ಯಾವ ಜ್ವರವೂ ಅಲ್ಲಾಡಿಸಲಾರದು ಅಂದೆ. ಒಬ್ಬೊಬ್ಬರ ಮಣಿಕಟ್ಟಿಗೂ ಕೆಂಪು ಉಣ್ಣೆಯ ದಾರ ಕಟ್ಟಿ 'ಗಟ್ಟಿಗಿತ್ತಿಯರು' ಎಂದು ಹೆಸರಿಟ್ಟೆ. ಅವರಲ್ಲಿ ತೀರ ಚಿಕ್ಕವಳು ಜುಂಜಿ, ಹನ್ನೊಂದು ವರ್ಷ. ಅವಳು ದಾರ ಕಟ್ಟಿದ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡದ್ದು ನನ್ನ ಕಣ್ಣಿನಲ್ಲಿ ಹಾಗೇ ಇದೆ. ಅಲ್ಲಿಯವರೆಗೆ ಆ ಮಕ್ಕಳನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಎಲ್ಲ ಮುಗಿದ ಮೇಲೆ ಚಿಕ್ಕತಾಯಿ ಎದ್ದು ನಿಂತು ಕೇಳಿದಳು. "ಸಿಸ್ಟರಮ್ಮ, ನಮಗೆ ಜ್ವರ ಬಂದಾಗ ಕಂಬಳಿ ಯಾರು ಹಿಡೀತಾರೆ?"

"ನಿಮಗೆ ಹಿಡಿಯೋರು ಬೇಕಾಗೇ ಇಲ್ಲ ಕಣೇ," ಅಂದೆ. "ನೀವು ಗಟ್ಟಿ ಅಲ್ವಾ!"

ಹಿಂದೆ ನಿಂತಿದ್ದ ದೊಡ್ಡವರು ಚಪ್ಪಾಳೆ ತಟ್ಟಿದರು. ಹುಡುಗಿಯರೂ ತಟ್ಟಿದರು. ಚಿಕ್ಕತಾಯಿ ಕೂತುಕೊಂಡಳು. ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಒಂದನ್ನು ವಾಪಸು ಪಡೆಯಬಹುದು ಎಂದರೆ ಇದನ್ನೇ ಪಡೆಯುತ್ತೇನೆ.

ಆಮೇಲೆ ಊರು ಚೇತರಿಸಿಕೊಂಡಿತು, ಸುಳ್ಳು ಹೇಳಬಾರದು. ಯಾರಿಗೇ ಜ್ವರ ಬರಲಿ, ನೀರಿನ ದಿನ ನೀರು ತುಂಬಿ ಮುಗಿದ ಮೇಲೆ ಒಬ್ಬ ಹುಡುಗಿ ಬಂದು ತುದಿ ಹಿಡಿಯುವಳು, ಅವರು ಬಿಡುವರು. ಮಗ್ಗದ ಸದ್ದು ಮತ್ತೆ ಕೇಳಿಸಿತು. ಆ ಮೇಲೆ ಒಂದೂ ಸಾವಾಗಲಿಲ್ಲ. ಮೊದಮೊದಲು ತುದಿ ಬಿಡುವಾಗ ಜನ ಕಣ್ಣು ತಗ್ಗಿಸುತ್ತಿದ್ದರು. ತಿಂಗಳು ಕಳೆಯುವ ಹೊತ್ತಿಗೆ ಅದೂ ಹೋಯಿತು. ಬೀರಯ್ಯನ ಪಕ್ಕದ ಮನೆಯವನೊಬ್ಬ ಬರೀ ನೆಗಡಿಗೆ ಹುಡುಗಿಯನ್ನು ಕರೆಸಿದ್ದನಂತೆ. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ನಾನು ಆ ನೆಗಡಿಯವನಿಗೆ ಬೈದೆ, ಬೈದು ನನ್ನ ನ್ಯಾಯಬುದ್ಧಿಗೆ ನಾನೇ ತಲೆದೂಗಿದೆ.

ಸುದ್ದಿ ಮೇಲಿನವರಿಗೂ ಮುಟ್ಟಿತು. ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರದಲ್ಲಿ ನಿಂತೇ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ಹಳ್ಳಿಯ ಹೆಣ್ಣುಮಕ್ಕಳ ತಾಳುವ ಶಕ್ತಿಗೆ ಎಣೆಯಿಲ್ಲ, ಇದನ್ನು ಸುತ್ತಿನ ಊರುಗಳಿಗೂ ಕಲಿಸಬೇಕು ಎಂದರು. ಹುಡುಗಿಯರಿಗೆ ಒಂದೊಂದು ಬನ್ನು ಕೊಟ್ಟರು, ನನಗೆ ಜರಿಯ ಶಾಲು ಹೊದಿಸಿದರು. ಹೊಸ ಥರ್ಮಾಮೀಟರ್‌ಗಳನ್ನು ಕಳಿಸುತ್ತೇನೆ, ಈ ಮಕ್ಕಳ ಮೈಬಿಸಿ ಎಷ್ಟಿದೆ ಎಂದು ಬರೆದು ಕಳಿಸಿ, ಪುರಾವೆ ಬೇಕು ಎಂದು ಹೇಳಿ ಹೋದರು. ಶಾಲಿನಲ್ಲಿ ನನಗೆ ಬಹಳ ಸೆಕೆಯಾಯಿತು, ಆದರೂ ಮನೆ ಮುಟ್ಟುವವರೆಗೆ ತೆಗೆಯಲಿಲ್ಲ.

ಅದಾಗಿ ನಾಲ್ಕನೇ ದಿನ ಜ್ವರ ನನಗೇ ಬಂತು. ಊರವರಿಗೆ ಬಂದಾಗ ಅದು ಸಂಖ್ಯೆಯಾಗಿತ್ತು. ನನಗೆ ಬಂದಾಗ ಮೂಳೆಯೊಳಗೆ ಯಾರೋ ಇದ್ದಿಲು ತುಂಬಿದ ಹಾಗಿತ್ತು. ಎರಡು ದಿನ ಪಡಸಾಲೆಯಲ್ಲಿ ನರಳಿದೆ. ಮೂರನೇ ದಿನ ಮಧ್ಯಾಹ್ನ ಮಾಳವ್ವ ಬಾಗಿಲಲ್ಲಿ ನಿಂತು, "ನೀವೇ ಮಲಗಿದ್ರೆ ಊರ್ನ ನೋಡೋರ್ಯಾರು ಸಿಸ್ಟರಮ್ಮ, ನಮ್ಮ ಚಿಕ್ತಾಯಿನ ಕಳಿಸ್ತೀನಿ," ಅಂದಳು. ನಾನು ಬೇಡ ಅನ್ನಲಿಲ್ಲ. ಒಂದು ಸಲವೂ ಅನ್ನಲಿಲ್ಲ. ಚಿಕ್ಕತಾಯಿ ಬಂದಳು, ಮೊಗ ಸೊರಗಿತ್ತು, ತುಟಿ ಒಡೆದಿತ್ತು. ಬಿಸಿಲಲ್ಲಿ ಗಂಜಿ ಬಳಿಯುವ ಹುಡುಗಿ, ಹಾಗಿರುತ್ತಾಳೆ ಎಂದುಕೊಂಡೆ. ಅವಳು ಕೂತು ತುದಿ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡದೆ ಮೆಲ್ಲಗೆ, "ಬಿಡ್ತೀರಾ ಸಿಸ್ಟರಮ್ಮ?" ಅಂದಳು. ಕೇಳಿದ್ದಲ್ಲ ಅದು, ನನಗೆ ಸಂಕೋಚವಾಗದಿರಲಿ ಎಂದು ಹೇಳಿಕೊಟ್ಟದ್ದು. ನಾನು ಬಿಟ್ಟೆ. ಆ ಕ್ಷಣವೇ ಮೈ ಹಗುರಾಯಿತು, ಎರಡು ದಿನದಿಂದ ಇಲ್ಲದ ಹಸಿವು ಕೆರಳಿತು. ಅವಳು ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋದಳು. ನಾನು ಅದನ್ನು ನೋಡಿದೆ. ನೋಡಿ, ಅಡುಗೆಮನೆಗೆ ಹೋಗಿ ಮಾಳವ್ವ ತಂದಿಟ್ಟಿದ್ದ ಉಪ್ಪಿಟ್ಟನ್ನು ಪಾತ್ರೆಯಿಂದಲೇ ಬಾಚಿ ಬಾಚಿ ತಿಂದೆ.

ಮತ್ತೊಂದು ವಾರಕ್ಕೆ ಥರ್ಮಾಮೀಟರ್‌ಗಳ ಪೆಟ್ಟಿಗೆ ಬಂತು, ಒಂದು ಡಜನ್. ಪುರಾವೆ ಬರೆದು ಕಳಿಸುವ ಉತ್ಸಾಹದಲ್ಲಿ ಬೆಳಿಗ್ಗೆ ಏಳು ಗಂಟೆಗೇ ಹುಡುಗಿಯರನ್ನು ಹುಡುಕಿಕೊಂಡು ಗಂಜಿಕಟ್ಟೆಗೆ ಹೋದೆ. ಗಂಜಿ ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ಹನ್ನೊಂದು ಜನವೂ ಕಟ್ಟೆಯ ಮೇಲೆ ವೃತ್ತವಾಗಿ ಕೂತಿದ್ದರು. ನಡುವೆ ಒಂದು ಕಂಬಳಿ ಹರಡಿತ್ತು, ಅದರ ಅಂಚನ್ನು ಎಲ್ಲರೂ ಹಿಡಿದಿದ್ದರು. ಚಿಕ್ಕತಾಯಿ ಒಬ್ಬೊಬ್ಬರ ಮುಖವನ್ನೂ ನೋಡಿ, "ಬಿಡಿ," ಅಂದಳು. ಮನೆಯ ಹಿರಿಯರು ಅನ್ನುತ್ತಿದ್ದ ಹಾಗೇ ಅಂದಳು. ಎಲ್ಲರೂ ಒಟ್ಟಿಗೆ ಬಿಟ್ಟರು. ಊರು ಮರೆತ ಮರ್ಯಾದೆಯನ್ನು ಈ ಮಕ್ಕಳು ಊರಾಚೆ ಕೂತು ಪಾಲಿಸುತ್ತಿದ್ದರು.

ನನ್ನನ್ನು ಕಂಡು ಗಾಬರಿಯಾದರು. ನಾನು ಏನೂ ಕೇಳದೆ ಹನ್ನೊಂದು ಬಾಯಿಗೂ ಥರ್ಮಾಮೀಟರ್ ಇಟ್ಟೆ. ಒಬ್ಬರ ಬಾಯಿ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ತೆಗೆದು ನೋಡಿದೆ. ಹತ್ತು ಜನಕ್ಕೆ ನೂರಾ ಒಂದು, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. ಚಿಕ್ಕತಾಯಿಗೆ ಮಾತ್ರ ನೂರಾಮೂರೂವರೆ.

"ಇದು ಯಾವಾಗಿಂದ?" ಅಂದೆ.

"ಮೊದಲಿಂದ್ಲೂ ಐತಲ್ಲ ಸಿಸ್ಟರಮ್ಮ," ಎಂದಳು ಚಿಕ್ಕತಾಯಿ. ಇದೇನು ಕೇಳುತ್ತಾರೆ ಎನ್ನುವ ಹಾಗಿತ್ತು ದನಿ.

"ಮತ್ತೆ ಮೂರನೇ ದಿನ ಇಳಿಯುತ್ತಿತ್ತಲ್ಲೇ?"

"ಎಲ್ಲಿ ಇಳೀತೈತೆ? ಮೂರನೇ ದಿನ ನೀರು ಬಿಡ್ತಾರಲ್ಲ. ನಾವು ಏಳದಿದ್ರೆ ತುಂಬೋರ್ಯಾರು?"

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಜ್ವರಕ್ಕೆ ಮೂರು ದಿನ ಎನ್ನುವ ಲೆಕ್ಕ ನಲ್ಲಿಯದಾಗಿತ್ತು, ಆ ಮಕ್ಕಳ ಮೈಯದಲ್ಲ. ಬೀದಿಯ ಯಾವ ಎರಡು ವರ್ಷದ ಕೂಸಿಗೂ ಗೊತ್ತಿರುವ ನೀರಿನ ಸರದಿಯನ್ನು ನಾನು ಶರೀರಶಾಸ್ತ್ರ ಎಂದು ಊರಿಗೆ ಸಾರಿದ್ದೆ. "ನನಗೆ ಯಾಕೆ ಹೇಳಲಿಲ್ಲ?" ಅಂದೆ. ಕೇಳುವಾಗಲೇ ನನಗೆ ನಾಚಿಕೆಯಾಯಿತು. ಚಿಕ್ಕತಾಯಿ ಮಣಿಕಟ್ಟಿನ ದಾರ ಎಳೆದುಕೊಳ್ಳುತ್ತ ಹೇಳಿದಳು. "ನೀವು ಎಲ್ರ ಮುಂದೆ ಗಟ್ಟಿ ಅಂದ್ರಲ್ಲ. ಜ್ವರ ಇದ್ರೂ ಓಡಾಡ್ತಾ ಇರೋದನ್ನೇ ಗಟ್ಟಿ ಅಂತಾರೇನೋ ಅಂದ್ಕಂಡ್ವಿ. ಇಲ್ಲ ಅಂದ್ರೆ ನಿಮ್ಗೆ ಬೇಜಾರಾಗ್ತಿತ್ತು." ಅಷ್ಟರಲ್ಲಿ ಜುಂಜಿ ನನ್ನ ಸೆರಗು ಜಗ್ಗಿ, "ಸಿಸ್ಟರಮ್ಮ, ಅಕ್ಕ ಮೋಸ ಮಾಡ್ತಾಳೆ," ಅಂದಳು. "ಬಿಡಿ ಅಂತಾಳೆ, ನಾವೆಲ್ಲ ಬಿಟ್ಟ ಮೇಲೆ ತಾನು ಬಿಡ್ತಾಳೆ. ಒಂಚೂರು ಲೇಟಾಗಿ. ನಾನು ದಿನಾ ನೋಡ್ತೀನಿ." ಚಿಕ್ಕತಾಯಿ ಅವಳ ತಲೆಗೆ ಮೊಟಕಿದಳು. ಒಂದು ಕ್ಷಣ ತಡವಾಗಿ ಬಿಟ್ಟರೆ ಒಂದು ಚೂರು ಹೆಚ್ಚು ಬರುತ್ತದೆ. ದಿನಕ್ಕೊಂದು ಚೂರು, ಎರಡು ತಿಂಗಳು. ಅದರ ಮೇಲೆ ನನ್ನದು.

"ಕೊಡಿಲ್ಲಿ, ನಾನು ಹಿಡೀತೀನಿ," ಎಂದು ಕಂಬಳಿಯ ತುದಿ ಎಳೆದುಕೊಂಡೆ. ಚಿಕ್ಕತಾಯಿ ಆಚೆ ತುದಿ ಹಿಡಿದಳು. ಕಣ್ಣು ಮುಚ್ಚಿ ಕೂತೆ. ಒರಟು ಉಣ್ಣೆ ಅಂಗೈಗೆ ಚುಚ್ಚುತ್ತಿತ್ತು, ಗಂಜಿಯ ಹುಳಿ ವಾಸನೆ ಬರುತ್ತಿತ್ತು. ಬಿಸಿ ಬರಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದೆ. ಬರಲಿಲ್ಲ. ಪಡಸಾಲೆಯಲ್ಲಿ ನರಳಿದ ಆ ಎರಡು ದಿನ ಕಣ್ಣ ಮುಂದೆ ಬಂತು. ನನ್ನ ಕೈ ಹಿಡಿದಿತ್ತು, ಮನಸ್ಸು ಹಿಡಿದಿರಲಿಲ್ಲ. ಇಪ್ಪತ್ತೆರಡು ವರ್ಷ ಊರಿನ ಸೇವೆ ಮಾಡಿದವಳು, ಶಾಲು ಹೊದ್ದವಳು, ಆ ಹುಡುಗಿಯ ಒಂದು ಡಿಗ್ರಿ ಜ್ವರವನ್ನೂ ಒಳಗೆ ಬಿಟ್ಟುಕೊಳ್ಳಲಾರದೆ ಹೋದೆ. ಕಣ್ಣು ತೆರೆದಾಗ ಚಿಕ್ಕತಾಯಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು. "ಬಂತು ಸಿಸ್ಟರಮ್ಮ," ಅಂದಳು ಎಲ್ಲರಿಗೂ ಕೇಳುವ ಹಾಗೆ. "ನನಗೆ ಎಷ್ಟೋ ಹಗುರಾತು. ಸಾಕು, ಬಿಡಿ." ಹದಿನಾಲ್ಕು ವರ್ಷದ ಹುಡುಗಿ ನೂರಾಮೂರೂವರೆ ಜ್ವರದಲ್ಲಿ ನನ್ನ ಮಾನ ಮುಚ್ಚಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಲಪ್ಪನವರ ಜಗುಲಿಗೆ ಓಡಿದೆ. ದೊಡ್ಡವರೆಲ್ಲ ಬಂದು ಕಂಬಳಿ ಹಿಡಿಯಬೇಕು, ಒಬ್ಬೊಬ್ಬರು ಒಂದೊಂದು ಚೂರು ತಗೊಂಡರೂ ಆ ಮಕ್ಕಳು ಬದುಕುತ್ತವೆ ಎಂದೆ. ಹಾಲಪ್ಪನವರು ಕೆಟ್ಟವರಲ್ಲ. ಆದರೆ ಅವರ ಮುಖದಲ್ಲಿ ನಾನು ಕಂಡದ್ದು ಗಂಜಿಕಟ್ಟೆಯ ಮೇಲೆ ನನ್ನ ಕೈಯಲ್ಲಿ ಇದ್ದ ಅಂಜಿಕೆಯೇ. "ನೀವೇ ಅಲ್ವಾ ಸಿಸ್ಟರಮ್ಮ ಹೇಳಿದ್ದು, ಅವಕ್ಕೆ ಹಿಡಿಯೋರು ಬ್ಯಾಡ ಅಂತ? ನೂರಾ ಒಂದು ಏನ್ ಮಹಾ, ಓಡಾಡ್ಕಂಡವೆ. ನೋಡಾನ, ನಾಕು ದಿನ ತಡೀರಿ." ಮನೆ ಮನೆಗೆ ಹೋದೆ. ಎಲ್ಲ ಬಾಗಿಲಲ್ಲೂ ನನ್ನ ಮಾತೇ ನನಗೆ ಎದುರಾಯಿತು. ಒಬ್ಬಳು ಮುದುಕಿ ನನ್ನ ಭಾಷಣವನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಬೆನ್ನೆಲುಬು ಎಂಬಲ್ಲಿ ನಾನು ಕೈ ಎತ್ತಿದ ಹಾಗೇ ಕೈ ಎತ್ತಿದಳು.

ಅದರ ಮಾರನೆಯ ದಿನ ನೀರಿನ ದಿನ. ಆರೋಗ್ಯ ಕೇಂದ್ರದ ಎದುರಿಗೇ ನಲ್ಲಿ. ನೀರು ಬಂತು, ಹುಡುಗಿಯರು ಬರಲಿಲ್ಲ. ಬರಿದಾದ ಜಾಗದಲ್ಲಿ ನೀರು ಭೋರೆಂದು ಸುರಿದು ಚರಂಡಿ ಸೇರುತ್ತಿತ್ತು. ಹೊತ್ತು ಏರಿದ ಮೇಲೆ ಒಬ್ಬೊಬ್ಬರಾಗಿ ದೊಡ್ಡವರು ಕೊಡ ಹಿಡಿದು ಬಂದರು. ಗಂಡಸರಿಗೆ ಕೊಡ ಎಲ್ಲಿಟ್ಟುಕೊಳ್ಳಬೇಕು ಎಂಬುದೇ ತಿಳಿಯದು, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಟ್ಟೆಯೆಲ್ಲ ಒದ್ದೆ ಮಾಡಿಕೊಂಡರು. ಸರದಿ ಯಾರದೆಂದು ಜಗಳವೂ ಆಯಿತು. ಆಗ ಮಾಳವ್ವ ಮುಂದೆ, ಹತ್ತು ಹುಡುಗಿಯರು ಹಿಂದೆ, ಕಂಬಳಿಯಲ್ಲಿ ಚಿಕ್ಕತಾಯಿಯನ್ನು ಹೊತ್ತುಕೊಂಡು ಬಂದು ಕೇಂದ್ರದ ಜಗುಲಿಯ ಮೇಲೆ ಮಲಗಿಸಿದರು. ನೂರಾ ಐದು. ಬೆಳಗಿನಿಂದ ಹುಡುಗಿಯರು ಹಿಡಿದೇ ಇದ್ದರಂತೆ, ಆದರೆ ಅವರೂ ತುಂಬಿದ ಕೊಡಗಳೇ, ಇನ್ನೆಷ್ಟು ಹಿಡಿಸೀತು? ಮಾಳವ್ವ ನನ್ನನ್ನು ಬೈಯಲಿಲ್ಲ. "ಕಣ್ಣು ಬಿಡ್ತಾಳೆ ಸಿಸ್ಟರಮ್ಮ, ಮಾತಾಡಾಕಿಲ್ಲ," ಅಂದಳು, ಅಷ್ಟೇ.

ನಾನು ನಲ್ಲಿಯ ಕಡೆ ತಿರುಗಿ ನಿಂತೆ. ಭಾಷಣ ಬರಲಿಲ್ಲ, ದೇವರು ದೊಡ್ಡವನು. "ಇವರಿಗೆ ಯಾರಿಗೂ ಜ್ವರ ಇಳಿದೇ ಇಲ್ಲ," ಅಂದೆ. "ಮೂರನೇ ದಿನ ಎದ್ದದ್ದು ನೀರಿಗೆ. ನಾನು ಹಣೆ ಮುಟ್ಟಿ ನೋಡದೆ ಗಟ್ಟಿ ಅಂದೆ. ನನಗೆ ಜ್ವರ ಬಂದಾಗ ಇವಳನ್ನು ಕೂರಿಸಿಕೊಂಡು ಬಿಟ್ಟೆ, ಬಿಟ್ಟು ಉಪ್ಪಿಟ್ಟು ತಿಂದೆ. ನಿನ್ನೆ ಕಂಬಳಿ ಹಿಡಿದೆ, ನನಗೆ ಬರಲಿಲ್ಲ. ಬಂತು ಅಂತ ಇವಳು ಸುಳ್ಳು ಹೇಳಿದಳು. ನಾನು ತುದಿ ಬಿಟ್ಟವಳು." ಆ ಬೈಗುಳವನ್ನು ತನಗೆ ತಾನೇ ಅಂದುಕೊಂಡವರನ್ನು ಊರು ಅದುವರೆಗೆ ಕಂಡಿರಲಿಲ್ಲ. ಹಾಲಪ್ಪನವರು ಕೊಡದ ಬಾಯಿಯನ್ನೇ ನೋಡುತ್ತಿದ್ದರು.

ಕೂತು ತುದಿ ಹಿಡಿದೆ. ಧೈರ್ಯ ಬಂದಿತ್ತು ಎಂದುಕೊಳ್ಳಬೇಡಿ. ಅಂಜಿಕೆ ಹಾಗೇ ಇತ್ತು, ಆದರೆ ಅಂಜಿಕೆಗಿಂತ ನಾಚಿಕೆ ದೊಡ್ಡದಾಗಿತ್ತು. ಚಿಕ್ಕತಾಯಿಯ ಬೆರಳುಗಳನ್ನು ಮಾಳವ್ವ ಇನ್ನೊಂದು ತುದಿಗೆ ಮಡಚಿ ಹಿಡಿಸಿದಳು. ಮೊದಲು ಉಗುರಿನ ಬುಡದಲ್ಲಿ ಚುರುಕ್ಕೆಂದಿತು. ಆಮೇಲೆ ಮುಂಗೈ, ಮೊಣಕೈ, ಹೆಗಲು. ಬಂತು. ಅಯ್ಯೋ, ಇದನ್ನಾ ಈ ಮಕ್ಕಳು ಹೊತ್ತು ನೀರು ತಂದದ್ದು ಎಂದು ಗಟ್ಟಿಯಾಗಿಯೇ ಅಂದೆನಂತೆ. ಪಕ್ಕದಲ್ಲಿ ಕೊಡ ಇಟ್ಟ ಸದ್ದಾಯಿತು. ಬೀರಯ್ಯ ಬಂದು ನನ್ನ ಪಕ್ಕ ಕೂತು ಕಂಬಳಿಯ ಅಂಚು ಹಿಡಿದ. ಅವನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಯಾರು ಯಾರು ಬಂದರೋ ನಾನು ತಿರುಗಿ ನೋಡಲಿಲ್ಲ. ಒಬ್ಬೊಬ್ಬರು ಕೂತ ಹಾಗೂ ಕಂಬಳಿ ಬಿಗಿಯಾಗುತ್ತ ಬಂದದ್ದು ಕೈಗೆ ಗೊತ್ತಾಯಿತು. ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಬಾರದವರು ಎದ್ದು ಹೋಗಲೂ ಆಗದೆ ತಲೆ ತಗ್ಗಿಸಿ ಹಿಡಿದೇ ಕೂತರು.

ಬಹಳ ಹೊತ್ತಾದ ಮೇಲೆ ಚಿಕ್ಕತಾಯಿ ಕಣ್ಣು ಬಿಟ್ಟಳು. ಈ ಸಲ ನೋಟ ನಿಂತಿತು. ಸುತ್ತ ಕೂತ ಅಷ್ಟೂ ಜನ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಹಾಲಪ್ಪನವರು ಹಿರಿಯರ ವಾಡಿಕೆಯಂತೆ 'ಬಿಡಿ' ಎನ್ನಲು ಗಂಟಲು ಸರಿಮಾಡಿಕೊಂಡರು. ಜುಂಜಿ ಅವರನ್ನು ಒಮ್ಮೆ ದುರುಗುಟ್ಟಿ ನೋಡಿದಳು, ಅವರು ಸುಮ್ಮನಾದರು. ಚಿಕ್ಕತಾಯಿ ನನ್ನ ಕಡೆ ತಿರುಗಿ, "ಬಂತಾ ಸಿಸ್ಟರಮ್ಮ?" ಅಂದಳು.

"ಬಂತು ಕಣವ್ವ," ಅಂದೆ. ತುಟಿ ಒಣಗಿ ಮಾತು ತೊದಲಿತು.

ಅವಳು ನನ್ನ ಮಾತು ನಂಬಲಿಲ್ಲ. ಒಂದು ಕೈಯಲ್ಲಿ ಕಂಬಳಿ ಹಿಡಿದುಕೊಂಡೇ ಇನ್ನೊಂದು ಕೈಯನ್ನು ಮೆಲ್ಲಗೆ ಎತ್ತಿ, ಕೆಂಪು ದಾರದ ಆ ಕೈಯನ್ನು ನನ್ನ ಹಣೆಯ ಮೇಲೆ ಇಟ್ಟಳು. ಇಷ್ಟು ದಿನದಲ್ಲಿ ಒಂದು ಸಲವೂ ನಾನು ಅವಳಿಗೆ ಮಾಡದ ಕೆಲಸ ಅದು. ಅವಸರವಿಲ್ಲದೆ, ಅಂಗೈ ಒತ್ತಿ, ಸ್ವಲ್ಪ ಹೊತ್ತು ಹಾಗೇ ಇಟ್ಟು ನೋಡಿದಳು.

"ಇನ್ನೊಂಚೂರು ಹಿಡೀರಿ," ಅಂದಳು.